ಗಾಜಿನಾಚೆಯ ಹೊಸಕೋಡಿ

ಮುಕಾಂಬು ನೋಟದ ಗುಡ್ಡೆಯನ್ನು ಹತ್ತಿದ್ದು ಒಂದೇ ಒಂದು ಸಲ. ಹತ್ತಿದ್ದು ಎಂದರೆ ಕಾಲಿನಿಂದ ಅಲ್ಲ. ಗುಡ್ಡೆಯ ಹಿಂಬದಿಯಿಂದ ತಂತಿಯ ಮೇಲೆ ಜಾರುವ ಡಬ್ಬಿಯಲ್ಲಿ ಕುಳಿತು, ಕಣ್ಣು ಮುಚ್ಚಿಕೊಂಡು, ಮಗಳು ವಾರಿಜಳ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡು ಹೋದದ್ದು. ಗುಡ್ಡೆಯ ಮೇಲೆ ಕೆಲಸ ಮಾಡುವವರ ಮನೆಮಂದಿಗೆ ವರ್ಷಕ್ಕೊಮ್ಮೆ ಪುಕ್ಕಟೆ ನೋಟ ತೋರಿಸುತ್ತಿದ್ದರು. ಬೇಡ ಬೇಡ ಎನ್ನುತ್ತಿದ್ದ ಮುಕಾಂಬು ಆ ವರ್ಷ ತಾನಾಗಿ ಹೊರಟಳು. ಮೇಲಿನಿಂದ ನಮ್ಮ ಮನೆಯ ಮಾಡು ಎಷ್ಟು ದೊಡ್ಡದಾಗಿ ಕಾಣುತ್ತದೆ ನೋಡಬೇಕು ಎಂಬುದೊಂದೇ ಅವಳ ಆಸೆ.

ಮೇಲೆ ದೊಡ್ಡ ಹಜಾರ. ಒಂದು ಬದಿಯ ಗೋಡೆಯೆಲ್ಲ ಗಾಜು. ಕೆಳಗೆ ನೀಲಿ ಸರೋವರ, ಅದರ ಸುತ್ತ ಬಿಳಿ ಶಿಖರಗಳು, ದಂಡೆಯಲ್ಲಿ ಬೂದು ಕಲ್ಲಿನ ಹಾಸು. ಮುಕಾಂಬು ಗಾಜಿಗೆ ಮೂಗು ತಾಗಿಸಿ ನಿಂತಳು. ಎಡಕ್ಕೆ ಹೋದಳು, ಬಲಕ್ಕೆ ಬಂದಳು. ಸೆರಗಿನಿಂದ ಗಾಜು ಒರೆಸಿ ಮತ್ತೆ ನೋಡಿದಳು.

"ಊರ್ ಎಲ್ಲಿತ್ತೇ ಹೆಣೆ?" ಎಂದು ಮಗಳನ್ನು ಕೇಳಿದಳು.

ಊರು ಅಲ್ಲೇ ಇತ್ತು. ಸರೋವರದ ನೀರು ಹೊರಗೆ ಹರಿಯುವ ಮೂಲೆಯಲ್ಲಿ ಹೊಸಕೋಡಿಯ ನೀಲಿ ತಗಡಿನ ಮಾಡುಗಳು, ದೋಣಿಗಳು, ಬಲೆ ಒಣಹಾಕುವ ಗಳಗಳು, ಮೀನು ಸೀಳುತ್ತ ಕುಳಿತ ಹೆಂಗಸರು, ಎಲ್ಲವೂ ಆ ಕ್ಷಣದಲ್ಲೂ ಇದ್ದವು. ಗಾಜಿನಲ್ಲಿ ಮಾತ್ರ ಇರಲಿಲ್ಲ. ಅಲ್ಲಿ ಬರಿ ಕಲ್ಲು. ಆ ಬರಿಗಲ್ಲಿನ ಮೇಲೆ ಕಂದುತಲೆಯ ಕಡಲಕ್ಕಿಗಳು ಸುತ್ತುತ್ತಿದ್ದವು, ಎಗರುತ್ತಿದ್ದವು, ಏನನ್ನೋ ಕಚ್ಚಿಕೊಂಡು ಏಳುತ್ತಿದ್ದವು.

"ಹಕ್ಕಿ ಕಾಣತ್ತ್. ಊರ್ ಕಾಣುದಿಲ್ಲೆ," ಎಂದಳು ಮುಕಾಂಬು. ಆಮೇಲೆ ಅವಳು ಗಾಜಿನ ಕಡೆ ತಿರುಗಲಿಲ್ಲ. ಕೊಟ್ಟ ಚಹವನ್ನೂ ಕುಡಿಯಲಿಲ್ಲ.

ಈ ಜನ ಇಲ್ಲಿಗೆ ಬಂದ ಕಥೆಯನ್ನು ಸ್ವಲ್ಪ ಹೇಳಬೇಕು. ಕಡಲು ಏರಿ ಕುಂದಾಪುರದ ಕಡೆಯ ಮರಳ ದಂಡೆಗಳನ್ನು ನುಂಗಿದ ಮೇಲೆ ಅಲ್ಲಿ ಮೀನು ಹಿಡಿಯುತ್ತಿದ್ದ ಮೊಗವೀರರ ಕೇರಿಗಳು ಚದುರಿ ಹೋದವು. ಅದೇ ಹೊತ್ತಿಗೆ ಹಿಮಾಲಯದಲ್ಲಿ ಹಿಮನದಿಗಳು ಕರಗಿ ಹಿಂದೆ ಸರಿದಲ್ಲೆಲ್ಲ ಹೊಸ ಸರೋವರಗಳು ನಿಂತವು. ದಂಡೆ ಕಳೆದುಕೊಂಡವರಿಗೆ ದಂಡೆ ಕೊಟ್ಟರಾಯಿತು ಎಂದು ಸರಕಾರ ಲೆಕ್ಕ ಹಾಕಿತು. ಸರೋವರಕ್ಕೆ ಟ್ರೌಟ್ ಮೀನಿನ ಮರಿ ಬಿಟ್ಟರು, ದಂಡೆಗೆ ಮೊಗವೀರರನ್ನು ಬಿಟ್ಟರು. ಜನ ಚಳಿಗೆ ಬೈದುಕೊಂಡರು, ಉಪ್ಪಿಲ್ಲದ ನೀರಿಗೆ ಬೈದುಕೊಂಡರು, ಕೊನೆಗೆ ಒಗ್ಗಿದರು. ಅವರಿಗೆ ಸಮಾಧಾನ ತಂದದ್ದು ಆ ಹಕ್ಕಿಗಳೇ. ಪ್ರತಿ ಚಳಿಗಾಲ ತಮ್ಮ ಕಡಲಿಗೆ ಬಂದು ಬೇಸಿಗೆಗೆ ಮಾಯವಾಗುತ್ತಿದ್ದ ಹಕ್ಕಿಗಳು ಹೋಗುತ್ತಿದ್ದದ್ದು ಇಲ್ಲಿಗೆ ಎಂದು ಅವರಿಗೆ ಇಲ್ಲಿಗೆ ಬಂದ ಮೇಲೆ ತಿಳಿಯಿತು.

ನೋಟದ ಗುಡ್ಡೆ ಸರೋವರದ ನೆತ್ತಿಗೇ ನಿಂತಿದೆ. ದಂಡೆಯ ಗುಡ್ಡೆಗಳಲ್ಲೆಲ್ಲ ಅದೇ ಎತ್ತರ. ಹಿಂದೆ ಎರಡು ಹಿಮನದಿಗಳು ಅದರ ಎರಡೂ ಮಗ್ಗುಲನ್ನು ಉಜ್ಜಿಕೊಂಡು ಹರಿದಿದ್ದವು. ಉಜ್ಜಿದ ಗೆರೆಗಳು ಬಂಡೆಯ ಮೇಲೆ ಇನ್ನೂ ಇವೆ, ಬಾಚಣಿಗೆ ಎಳೆದ ಹಾಗೆ. ಅದರ ತುದಿಯಲ್ಲಿ ನಿಂತರೆ ಸರೋವರದ ಯಾವ ಮೂಲೆಯೂ ಮರೆಯಾಗುವುದಿಲ್ಲ. ಹಾಗೆಂದೇ ಗಿರಿದರ್ಶನ ಸಂಸ್ಥೆಯವರು ಅಲ್ಲಿ ಹಜಾರ ಕಟ್ಟಿದರು. ಕಟ್ಟುವಾಗ ಊರಿನವರ ಜೊತೆ ಒಂದು ಮಾತಾಯಿತು. ಊರಿನ ಫೋನ್ ಗೋಪುರ ನೋಟಕ್ಕೆ ಅಡ್ಡ ಬರುತ್ತದೆ, ಅದನ್ನು ಕೀಳುತ್ತೇವೆ. ಬದಲಿಗೆ ಮೇಲಿನಿಂದ ನಿಮ್ಮ ದೋಣಿಗಳನ್ನು ನಾವೇ ಕಾಯುತ್ತೇವೆ. ಅಪಾಯವಾದರೆ ಕೆಂಪು ಬಟ್ಟೆ ಬೀಸಿ, ಜನರನ್ನು ಎತ್ತಿ ತರುವ ಯಂತ್ರ ಕಳಿಸುತ್ತೇವೆ.

ಬೇರೆ ಯಾರಾದರೂ ಆಗಿದ್ದರೆ ಫೋನ್ ಬಿಟ್ಟುಕೊಡುತ್ತಿರಲಿಲ್ಲ. ಇವರು ಬಿಟ್ಟುಕೊಟ್ಟರು. ಊರೆಲ್ಲ ಸೇರಿ ದಂಡೆಗೆ ಎಳೆಯುತ್ತಿದ್ದ ರಂಪಣಿ ಬಲೆಯ ಕಾಲದಿಂದ ಇವರಲ್ಲಿ ಒಬ್ಬ ದಂಡೆಯ ಎತ್ತರದ ಬಂಡೆಯ ಮೇಲೆ ನಿಲ್ಲುತ್ತಿದ್ದ. ನೀರಿನ ಬಣ್ಣ, ಹಕ್ಕಿಯ ಹಾರಾಟ ನೋಡಿ ಮೀನಿನ ಹಿಂಡು ಎಲ್ಲಿದೆ ಎಂದು ಬಟ್ಟೆ ಬೀಸಿ ಹೇಳುತ್ತಿದ್ದ. ಅವನನ್ನು ಕಾಂಬವ, ಅಂದರೆ ನೋಡುವವ, ಎನ್ನುತ್ತಿದ್ದರು. ಕಡಲಿನಲ್ಲಿ ಇರುವವರೆಲ್ಲ ದಂಡೆಗೆ ಬರುವ ತನಕ ಕಾಂಬವ ಬಂಡೆಯಿಂದ ಇಳಿಯುವ ಹಾಗಿಲ್ಲ, ಅವನ ಮನೆಯಲ್ಲಿ ಹೆರಿಗೆಯಾಗಲಿ ಸಾವಾಗಲಿ. ಎತ್ತರದಲ್ಲಿ ನಿಂತವನು ಕೆಳಗಿನವರಿಗಾಗಿ ನಿಂತಿರುತ್ತಾನೆ ಎಂಬುದು ಇವರ ರಕ್ತದಲ್ಲೇ ಇಳಿದಿದ್ದ ನಂಬಿಕೆ. ಎತ್ತರಕ್ಕೆ ಹೋಗಿ ಕೆಳಗಿನವರನ್ನು ನೋಡದೆ ಇರುವವರು ಇರಬಹುದು ಎಂದು ಇವರಿಗೆ ಹೊಳೆಯಲಿಲ್ಲ.

ಮೊದಲು ಹಜಾರದಲ್ಲಿ ಇದ್ದದ್ದು ಬರಿಯ ಗಾಜು. ಬಂದವರು ದೂರು ಹೇಳತೊಡಗಿದರು. ಹಿಮಾಲಯ ನೋಡಲು ಬಂದರೆ ತಗಡಿನ ಮಾಡು ಕಾಣುತ್ತದೆ, ಹಗ್ಗದ ಮೇಲೆ ಲಂಗ ಒಣಗುತ್ತಿದೆ, ಹೊಗೆ ಏಳುತ್ತಿದೆ ಎಂದು. ಆಗ ಬಂದದ್ದು ಈ ಹೊಸ ಗಾಜು. ಎರಡು ಪದರ, ನಡುವೆ ಚಿತ್ರ ಮೂಡಿಸುವ ತೆಳು ಹಾಳೆ. ಹೊರಗಿನ ಕ್ಯಾಮರಾಗಳು ಕಣಿವೆಯನ್ನು ನೋಡುತ್ತಲೇ ಇರುತ್ತವೆ. ಯಂತ್ರದ ನೆನಪಿನಲ್ಲಿ ಜನ ಬರುವುದಕ್ಕೆ ಮೊದಲಿನ ಕಣಿವೆ ಇದೆ. ಮನುಷ್ಯನದು ಎಂದು ತೋರಿದ್ದರ ಮೇಲೆಲ್ಲ ಅದು ಆ ಹಳೆಯ ಕಲ್ಲನ್ನೋ ನೀರನ್ನೋ ಹೊದಿಸಿಬಿಡುತ್ತದೆ. ಮಾಡು, ಹಗ್ಗ, ಬಟ್ಟೆ, ಬೆಂಕಿ, ಹೊಗೆ, ದೋಣಿ, ಮನುಷ್ಯ, ಒಂದೊಂದನ್ನೂ ಗುರುತಿಸುವುದನ್ನು ಅದಕ್ಕೆ ಕಲಿಸಬೇಕು. ಅದಕ್ಕೆ ಅಲ್ಲಿ ಪಾಠ ಎನ್ನುತ್ತಾರೆ.

ವಾರಿಜ ಕೆಲಸ ಮಾಡುತ್ತಿದ್ದದ್ದು ಹಜಾರದ ಹಿಂದಿನ ನಿಯಂತ್ರಣ ಕೊಠಡಿಯಲ್ಲಿ. ದೋಣಿ ಕಾಯುವ ಪರದೆ ಅವಳದು. ಪರದೆಗೆ ಬೇರೆ ಕ್ಯಾಮರಾ ಇದ್ದಷ್ಟು ದಿನ ಸರಿಯಿತ್ತು. ಎರಡೆರಡು ಕಣ್ಣು ಯಾಕೆ ಎಂದು ಮೇಲಿನವರು ಅದನ್ನು ತೆಗೆದು, ಗಾಜಿಗೆ ಹೋಗುವ ಚಿತ್ರವನ್ನೇ ಪರದೆಗೂ ತಿರುಗಿಸಿದರು. ಇದು ಆದದ್ದು ಮುಕಾಂಬು ಗುಡ್ಡೆಗೆ ಬಂದ ವರ್ಷವೇ. ಅಪಾಯದ ಬಟ್ಟೆಯನ್ನು ಮಾತ್ರ ಯಂತ್ರ ಅಳಿಸುವುದಿಲ್ಲ, ಆ ಪಾಠ ಆಗಿದೆ ಎಂದು ವ್ಯವಸ್ಥಾಪಕ ಗಲಗಲಿ ಅವರು ಅವಳಿಗೆ ಭರವಸೆ ಕೊಟ್ಟಿದ್ದರು. ಗಲಗಲಿ ಧಾರವಾಡದ ಕಡೆಯವರು, ಕನ್ನಡ ಬಲ್ಲವರು, ಊರಿನವರ ಜೊತೆ ನಗುತ್ತ ಮಾತಾಡುವವರು. ಹಾಗಾಗಿ ವಾರಿಜ ನಂಬಿದಳು.

ಮುಕಾಂಬು ನಂಬಲಿಲ್ಲ. ಮನೆಗೆ ಬಂದವಳೇ ಮೀನು ಸೀಳಲು ಕುಳಿತಳು. ಕತ್ತಿ ಎಂದಿಗಿಂತ ಜೋರಾಗಿ ಆಡುತ್ತಿತ್ತು. ನೆರೆಮನೆಯ ಸೀತು, ಅವಳ ಬಾಲ್ಯದ ಗೆಳತಿ, ಎದುರಿಗೆ ಕುಳಿತು ಉಪ್ಪು ತಿಕ್ಕುತ್ತಿದ್ದಳು. ಗುಡ್ಡೆಯ ಮೇಲೆ ಏನು ಕಂಡೆ ಎಂದು ಸೀತು ಕೇಳಿದಳು. ನಾವೆಲ್ಲ ಸತ್ತ ಮೇಲೆ ಈ ಜಾಗ ಹೇಗಿರುತ್ತದೋ ಅದನ್ನು ಕಂಡೆ, ಚೆಂದ ಉಂಟು ಎಂದಳು ಮುಕಾಂಬು. ಸೀತು ನಕ್ಕಳು. ತನ್ನ ಗಂಡನೂ ಮೂವತ್ತು ವರ್ಷ ತನ್ನನ್ನು ಹಾಗೇ ನೋಡಿದ್ದು, ಅವನಿಗೆ ಗಾಜೂ ಬೇಕಾಗಿರಲಿಲ್ಲ ಎಂದಳು. ಕುಳಿತಿದ್ದ ಹೆಂಗಸರೆಲ್ಲ ನಕ್ಕರು. ಮುಕಾಂಬು ನಗಲಿಲ್ಲ. ನಾಳೆ ಹುಟ್ಟಿಗೆ ಕೆಂಪು ಬಟ್ಟೆ ಕಟ್ಟಿ ಬೀಸುತ್ತೇನೆ, ಕಾಣುತ್ತದಾ ನೋಡು ಎಂದು ಮಗಳಿಗೆ ಹೇಳಿದಳು.

ಮರುದಿನ ಮುಕಾಂಬು ದೋಣಿಯಲ್ಲಿ ನಿಂತು ಹುಟ್ಟು ಎತ್ತಿ ಬೀಸಿದಳು. ವಾರಿಜ ಪರದೆಯನ್ನು ದಿಟ್ಟಿಸಿದಳು. ನಯವಾದ ನೀರು. ದೋಣಿಯಿಲ್ಲ, ಹೆತ್ತ ಅಬ್ಬಿಯಿಲ್ಲ, ಬಟ್ಟೆಯಿಲ್ಲ.

ಅವಳು ನೇರ ಗಲಗಲಿ ಅವರ ಬಳಿಗೆ ಹೋದಳು. ಅವರಿಗೆ ಆಶ್ಚರ್ಯವಾಗಲಿಲ್ಲ. ಅವಳನ್ನು ಉರಿಸಿದ್ದು ಅದೇ. ಬಟ್ಟೆಯ ಪಾಠ ಇನ್ನೂ ಆಗಿಲ್ಲ. ಮಾಡಿದರೆ ಒಣಹಾಕಿದ ಕೆಂಪು ಬಟ್ಟೆಯೆಲ್ಲ ಗಾಜಿನಲ್ಲಿ ಕಾಣತೊಡಗುತ್ತದೆ, ಪ್ರಧಾನ ಕಚೇರಿ ಒಪ್ಪುತ್ತಿಲ್ಲ ಎಂದು ವಿವರಿಸಿದರು. "ಮುಂದಿನ ಸೀಸನ್ನಿಗೆ ಮಾಡೂಣಂತ. ಅಲ್ಲೀತನಕ ನೀವು ಸುಮ್ನ ಊರಾಗ ಗುಲ್ಲು ಎಬ್ಬಿಸಬ್ಯಾಡ್ರಿ ವಾರಿಜಾ," ಎಂದರು.

ವಾರಿಜ ಊರಿನಲ್ಲಿ ಹೇಳಿಯೇ ಹೇಳಿದಳು. ಊರಿನವರು ಮನವಿ ಕೊಟ್ಟರು, ಗುಡ್ಡೆಯ ಬುಡದಲ್ಲಿ ಕೂತರು. ಕೂತದ್ದು ಯಾರಿಗೂ ಕಾಣಲಿಲ್ಲ. ಗಾಜಿನಲ್ಲಿ ಆ ಜಾಗದಲ್ಲಿ ಹುಲ್ಲು ಬೆಳೆದಿತ್ತು. ಬಲೆ ಬಿಡದೆ ಹೊಟ್ಟೆ ತುಂಬದು, ಹಾಗಾಗಿ ದೋಣಿಗಳು ಮತ್ತೆ ನೀರಿಗಿಳಿದವು.

ಬಿಸಿಲು ಚುರುಕಾಗಿದ್ದ ಒಂದು ದಿನ. ಹಜಾರದಲ್ಲಿ ಜನ ತುಂಬಿದ್ದರು. ವಾರಿಜ ಪರದೆಯ ಮುಂದಿದ್ದಳು. ಮಧ್ಯಾಹ್ನದ ಹೊತ್ತಿಗೆ ದೂರದಲ್ಲಿ ಗುಡುಗಿದಂತಾಯಿತು. ಸರೋವರದ ಮೇಲ್ತುದಿಯಲ್ಲಿ ಹಿಮನದಿಯ ಮೂತಿಯಿಂದ ಒಂದು ದೊಡ್ಡ ತುಂಡು ಮುರಿದು ನೀರಿಗೆ ಬಿತ್ತು. ಹಿಮ ಬೀಳುವುದನ್ನು ಗಾಜು ಅಳಿಸುವುದಿಲ್ಲ. ಜನ ಚಪ್ಪಾಳೆ ತಟ್ಟಿದರು. ಅಲೆ ಎದ್ದು, ಹರಡಿ, ಸಣ್ಣದಾಗಿ, ನೀರು ಮತ್ತೆ ನಯವಾಯಿತು.

ಅಬ್ಬಿ ಮತ್ತು ಸೀತು ಇದ್ದ ಹೆಂಗಸರ ದೋಣಿ ಯಾವ ಕಡೆ ಹೋಗಿದೆ ಎಂದು ವಾರಿಜಳಿಗೆ ಗೊತ್ತಿರಲಿಲ್ಲ. ಪರದೆಯ ಮೂಲೆ ಮೂಲೆ ಹುಡುಕಿದಳು. ಹುಡುಕುವುದಕ್ಕೆ ಅಲ್ಲಿ ಏನಿದೆ? ನೀರು, ಹಿಮ, ಕಲ್ಲು. ಹೊಸಕೋಡಿಯ ದಂಡೆಯಲ್ಲಿ ಹಕ್ಕಿಗಳು ಎಂದಿನಂತೆ ಸುತ್ತುತ್ತಿದ್ದವು. ಅವಳು ಕುರ್ಚಿಯಿಂದ ಏಳದೆ ಕಾದಳು. ಎಷ್ಟೋ ಹೊತ್ತಾದ ಮೇಲೆ ದಂಡೆಯ ಹಕ್ಕಿಗಳಲ್ಲಿ ಕೆಲವು ಬಡಗಣ ಕೊಲ್ಲಿಯ ಕಡೆ ಹೊರಟವು. ಅವುಗಳ ಹಿಂದೆ ಇನ್ನಷ್ಟು. ಆಮೇಲೆ ಇಡೀ ಹಿಂಡೇ ಎದ್ದು ಆ ಕಡೆ ಸಾಗಿತು. ಹಿಮದ ನೆರಳಿನ ಆ ಕೊಲ್ಲಿಗೆ ಹಕ್ಕಿ ಹೋಗುವುದಿಲ್ಲ, ಅಲ್ಲಿ ಮೀನಿಲ್ಲ. ಈಗ ಅಲ್ಲಿ, ಒಂದೇ ಜಾಗದಲ್ಲಿ, ಬರಿಯ ನೀರಿನ ಮೇಲೆ ಹಕ್ಕಿಗಳ ಕಂಬವೇ ಎದ್ದು ನಿಂತಿತು.

ಮೀನಿಲ್ಲದಲ್ಲಿ ಹಕ್ಕಿ ನಿಂತಿದ್ದರೆ ಮೀನು ಎಸೆಯುವವರು ಇದ್ದಾರೆ.

ರಕ್ಷಣೆಯ ಯಂತ್ರವನ್ನು ಊರಿನವರು ತುಂಬಿ ಎನ್ನುತ್ತಿದ್ದರು. ಚಾಲಕನಿಲ್ಲದೆ ಹಾರಿ, ತೊಟ್ಟಿಲು ಇಳಿಬಿಟ್ಟು ಜನರನ್ನು ಎತ್ತಿ ತರುತ್ತಿತ್ತು. ಅದರ ಬೀಗದ ಕೈ ಗಲಗಲಿ ಅವರ ಬಳಿ. ಪರದೆಯಲ್ಲಿ ಮನುಷ್ಯನೋ ಬಟ್ಟೆಯೋ ಕಂಡರೆ ಮಾತ್ರ ಬೀಗ ತೆಗೆಯಬೇಕೆಂದು ನಿಯಮ. ಗಲಗಲಿ ಬಂದು ಪರದೆ ನೋಡಿದರು.

"ಹಕ್ಕಿ ಅದಾವ. ಮನಷ್ಯಾರು ಯಾರೂ ಕಾಣವಲ್ರಲ್ಲ," ಎಂದರು.

"ಕಾಣದ ಹಾಗೆ ಮಾಡಿದ್ದು ನೀವೇ ಅಲ್ದಾ ಸರ್?"

ಅವರು ಪ್ರಧಾನ ಕಚೇರಿಗೆ ಫೋನು ಮಾಡಿದರು. ಕಚೇರಿಯವರು ಚಿತ್ರ ಕಳಿಸಿ ಎಂದರು. ಗಲಗಲಿ ಕಳಿಸಿದರು. ಚಿತ್ರದಲ್ಲಿ ಹಕ್ಕಿ ಮಾತ್ರ ಇದೆಯಲ್ಲ ಎಂದು ಅವರು ತಿರುಗಿ ಕೇಳಿದರು. ಗಲಗಲಿ ಹೌದೆಂದರು, ಆದರೂ ಎಂದರು, ಒಂದು ನಿಮಿಷ ತಡೆಯಿರಿ ಎಂದರು. ಅವರಿಗೂ ಗೊತ್ತಿತ್ತು, ಮುಖದಲ್ಲಿ ಬೆವರೊಡೆದಿತ್ತು. ಗೊತ್ತಿದ್ದವರ ಬಾಯಲ್ಲಿ ಆದರೂ ಎಂಬ ಮಾತು ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತದೆ. ಅವರು ಮಾತಾಡುತ್ತಿದ್ದ ಹಾಗೆಯೇ ವಾರಿಜ ಅವರ ಮೇಜಿನ ಮೇಲಿದ್ದ ಬೀಗದ ಕೈ ತೆಗೆದುಕೊಂಡು ಹೋಗಿ ತುಂಬಿಯನ್ನು ಹಾರಿಸಿದಳು.

ಹಜಾರದ ಜನರ ಕಣ್ಣೆದುರಿಗೇ ಅದೆಲ್ಲ ನಡೆಯಿತು. ತುಂಬಿ ಕೊಲ್ಲಿಗೆ ಹೋಯಿತು, ತೊಟ್ಟಿಲು ಇಳಿಯಿತು, ಅಲೆ ದೋಣಿಯನ್ನು ಅಲ್ಲಿಗೆ ನೂಕಿ ಒಡೆದ ಮೇಲೆ ಮಂಜುಗಡ್ಡೆಗಳ ನಡುವಿನ ಬಂಡೆಯೊಂದರ ಮೇಲೆ ಮುದುಡಿ ಕುಳಿತಿದ್ದ ಹೆಂಗಸರು ಒಬ್ಬೊಬ್ಬರಾಗಿ ಮೇಲೆದ್ದರು. ಗಾಜಿಗೆ ತುಂಬಿಯೂ ಮನುಷ್ಯನದೇ. ಜನ ಕಂಡದ್ದು, ಹಕ್ಕಿಗಳ ಹಿಂಡೊಂದು ಯಾಕೋ ಬೆದರಿ ಚದುರಿದ್ದನ್ನು. ಎಷ್ಟು ಚೆಂದ ಎಂದು ಒಬ್ಬಾಕೆ ಪಕ್ಕದವಳಿಗೆ ಹೇಳಿದಳು.

ಎಲ್ಲರೂ ಬದುಕಿದರು, ಸೀತು ಒಬ್ಬಳನ್ನು ಬಿಟ್ಟು. ಅವಳಿಗೆ ತುಂಬಿ ಬರುವವರೆಗೆ ಕಾಯುವಷ್ಟು ಬಿಸಿ ಮೈಯಲ್ಲಿ ಉಳಿದಿರಲಿಲ್ಲ.

ಆ ಸಂಜೆ ಮುಕಾಂಬು ಒಲೆಯ ಮುಂದೆ ಕಂಬಳಿ ಹೊದ್ದು ಕುಳಿತಿದ್ದಳು. ಅಂಗೈಗಳು ಸುಲಿದಿದ್ದವು. ವಾರಿಜ ಎಣ್ಣೆ ಹಚ್ಚಹೋದರೆ ಕೈ ಎಳೆದುಕೊಂಡಳು. ಒಲೆಯ ಬೆಂಕಿ ನೋಡುತ್ತ ಮಾತಾಡಿದಳು.

"ಕಾಣುದಿಲ್ಲೆ ಅಂತ ಗೊತ್ತಿದ್ದೂ ಬಟ್ಟೆ ಬೀಸ್ದೆ. ಎತ್ತರದಲ್ಲಿ ಜನ ಇದ್ರಲೆ, ಕಾಣದೆ ಇಪ್ಪುದ್ ಹ್ಯಾಂಗೆ ಅಂದೇಳಿ ಬೀಸ್ದೆ. ಕೈ ಸೋತ್ ಹೋಯ್ತ್. ಆಮೇಲೆ ನೆನ್ಪಾಯ್ತ್, ನಿಮ್ ಗಾಜಿಗೆ ಹಕ್ಕಿ ಕಾಣತ್ತಲ್ದಾ. ಬುಟ್ಟಿಯೊಳ್ಗಿದ್ದ ಮೀನ್ ಒಂದೊಂದೇ ಎಸ್ದೆ. ಸೀತು ಹಕ್ಕಿಯಾಯಿದ್ರೆ ಬದುಕ್ತಿದ್ಲ್," ಎಂದಳು.

ಅವಳು ಅಳಲಿಲ್ಲ. ವಾರಿಜಳೂ ಅಳಲಿಲ್ಲ. ಅತ್ತರೆ ಮನಸ್ಸು ಹಗುರವಾಗಿಬಿಡುತ್ತದೆ ಎಂದು ಇಬ್ಬರಿಗೂ ಹೆದರಿಕೆ.

ಸೀತುವಿನ ಹನ್ನೆರಡನೆಯ ದಿನದ ಕೆಲಸ ಮುಗಿಸಿ ವಾರಿಜ ಗುಡ್ಡೆಗೆ ಮರಳಿದಾಗ ಗಲಗಲಿ ಅವಳನ್ನು ಕರೆದು ಕುಳ್ಳಿರಿಸಿ ಚಹ ತರಿಸಿದರು. ಬೀಗದ ಕೈ ತೆಗೆದುಕೊಂಡದ್ದಕ್ಕೆ ತಾನು ವರದಿ ಬರೆದಿಲ್ಲ ಎಂದರು. ಸೀತುವಿನ ಬಗ್ಗೆ ಬೇಸರ ಹೇಳಿದರು, ಆ ಬೇಸರ ಸುಳ್ಳಾಗಿರಲಿಲ್ಲ. ಆಮೇಲೆ ವಿಷಯಕ್ಕೆ ಬಂದರು. ಆ ದಿನ ಹಕ್ಕಿಗಳು ತುಂಬಿಯ ಮುಂದೆ ಹಾದಾಗಲೆಲ್ಲ ಗಾಜಿಗೆ ಗಲಿಬಿಲಿಯಾಗಿ ಮಸಿ ಒರೆಸಿದಂಥ ಕಲೆಗಳು ಮೂಡಿವೆ. ಕೆಲವರು ಅದರ ಫೋಟೊ ಹಾಕಿ, ಈ ನೋಟ ನಿಜವೇ ಎಂದು ಕೇಳಿದ್ದಾರೆ. ಹಾಗಾಗಿ ಹಕ್ಕಿಗಳನ್ನೂ ಅಳಿಸಬೇಕು ಎಂದು ಪ್ರಧಾನ ಕಚೇರಿಯ ತೀರ್ಮಾನ. ಅವುಗಳನ್ನು ವಾರಿಜಳಷ್ಟು ನೋಡಿದವರು ಇಲ್ಲಿ ಯಾರೂ ಇಲ್ಲ. ಪಾಠ ಅವಳೇ ಮಾಡಬೇಕು.

ವಾರಿಜ ಬಟ್ಟೆಯ ಪಾಠದ ಮಾತು ಕೇಳಿದಳು.

"ಅದನ್ನೂ ಮಾಡೂಣ, ಇಲ್ಲ ಅನ್ನೂದಿಲ್ಲ. ಹಕ್ಕೀದು ಮೊದ್ಲ ಮುಗಸ್ರಿ," ಎಂದರು ಗಲಗಲಿ.

ಚಹ ಕುಡಿದು ಲೋಟ ಕೆಳಗಿಟ್ಟಳು. ಎದ್ದು ಹಜಾರಕ್ಕೆ ನಡೆದಳು.

ಆ ಗಾಜುಗಳನ್ನು ವಾರಕ್ಕೊಮ್ಮೆ ತೊಳೆಯಲು ಇಳಿಸುತ್ತಿದ್ದರು. ಚಳಿಗೆ ಮೋಟಾರು ಹೆಪ್ಪುಗಟ್ಟುತ್ತದೆಂದು ಕೈಯಿಂದ ತಿರುಗಿಸುವ ಕಬ್ಬಿಣದ ಹಿಡಿಕೆ ಇಟ್ಟಿದ್ದರು. ಮೂಲೆಯ ಗೋಡೆಯ ಕಿಂಡಿಗೆ ಸಿಕ್ಕಿಸಿ ತಿರುಗಿಸಿದರೆ ಎಲ್ಲ ಗಾಜೂ ಒಟ್ಟಿಗೆ ಗೋಡೆಯೊಳಗೆ ಇಳಿಯುತ್ತಿತ್ತು. ಆ ಕೆಲಸ ನಸುಕಿನಲ್ಲಿ, ಮೊದಲ ಡಬ್ಬಿ ಬರುವ ಮೊದಲೇ ಮುಗಿಯಬೇಕು. ಜನ ಇರುವಾಗ ಯಾರೂ ಹಿಡಿಕೆ ಮುಟ್ಟಿದ್ದಿಲ್ಲ. ವಾರಿಜ ಮುಟ್ಟಿದಳು.

ಮೊದಲು ಒಳಗೆ ಬಂದದ್ದು ಚಳಿ. ಮಫ್ಲರು ಹಾರಿದವು, ಯಾರದೋ ಟೊಪ್ಪಿ ಹೋಯಿತು. ಅದರ ಹಿಂದೆಯೇ ಬಂದದ್ದು ವಾಸನೆ. ದಂಡೆಯುದ್ದಕ್ಕೂ ಒಣಹಾಕಿದ ಮೀನಿನ ವಾಸನೆ, ಹೊಗೆಯ ವಾಸನೆ. ಜನ ಮೂಗು ಮುಚ್ಚಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಕೆಳಗೆ ನೋಡಿದರು.

ನೀಲಿ ಮಾಡುಗಳು. ದೋಣಿಗಳು. ಹಗ್ಗದ ಮೇಲೆ ಲಂಗ, ಅಂಗಿ, ಮಗುವಿನ ಬಟ್ಟೆ. ಕಲ್ಲಿನ ಮೇಲೆ ಕುಳಿತು ಮೀನು ಸೀಳುವ ಹೆಂಗಸರು, ಅವರ ತಲೆಯ ಮೇಲೆ ಹಕ್ಕಿ. ನೀರಿನಂಚಿನಲ್ಲಿ ಹೊಸದಾಗಿ ಸುಟ್ಟ ಒಂದು ಕಪ್ಪು ಜಾಗ.

ಸ್ವೆಟರು ಹಾಕಿದ ಒಬ್ಬ ಹಿರಿಯರು, ಕನ್ನಡದವರೇ, ವಾರಿಜಳನ್ನು ಕೇಳಿದರು.

"ಈ ಜನ ಇಲ್ಲಿಗೆ ಯಾವಾಗ ಬಂದ್ರಮ್ಮಾ?"

"ನೀವು ಬರುಕೆ ಮೊದ್ಲೇ," ಎಂದಳು ವಾರಿಜ. "ಆ ಕಪ್ಪು ಜಾಗ ಕಾಣ್ತಾ ನಿಮ್ಗೆ? ಅದು ಸೀತು ಚಿಕ್ಕಿ. ಮೊನ್ನೆ ನೀರಿನ ಚಳಿಗೆ ಸತ್ಳು. ಆಗ ಇಲ್ಲಿ ಜನ ಚಪ್ಪಾಳೆ ತಟ್ತಾ ಇದ್ರು."

ಹಿರಿಯರು ಕಣ್ಣು ಕೆಳಗೆ ಹಾಕಲು ಹೋದರು. ಕೆಳಗೆ ಇದ್ದದ್ದು ಅದೇ ಊರು.

ಗಲಗಲಿ ಓಡಿ ಬಂದರು. ಗಾಜು ಏರಿಸಲು ಹೇಳಿದರು, ಮೊದಲು ಮೆಲ್ಲಗೆ, ಆಮೇಲೆ ಮೆಲ್ಲಗಲ್ಲ. ಯಾರೋ ಚಳಿಯಾಗುತ್ತದೆ, ಮುಚ್ಚಿ ಎಂದರು. ಕೆಳಗಿನವರಿಗೆ ವರ್ಷವಿಡೀ ಆಗುತ್ತದೆ, ಸ್ವಲ್ಪ ತಡೆದುಕೊಳ್ಳಿ ಎಂದು ವಾರಿಜ ತಿರುಗಿ ನೋಡದೆ ಹೇಳಿದಳು. ಹಿಡಿಕೆಯನ್ನು ಕಿಂಡಿಯಿಂದ ಎಳೆದು ತೆಗೆದಳು. ಕೈ ಹೊರಗೆ ಚಾಚಿ ಬಿಟ್ಟಳು. ಹಿಮನದಿ ಉಜ್ಜಿ ನುಣುಪು ಮಾಡಿದ ಬಂಡೆಯ ಮೇಲೆ ಹಿಡಿಕೆ ಬಡಿಯುತ್ತ, ಪುಟಿಯುತ್ತ, ಬಹಳ ಹೊತ್ತು ಸದ್ದು ಮಾಡುತ್ತ ಇಳಿಯಿತು.

ದಂಡೆಯಲ್ಲಿ ಹೆಂಗಸರು ತಲೆ ಎತ್ತಿದರು. ಗುಡ್ಡೆಯ ತುದಿಯಲ್ಲಿ ಯಾವಾಗಲೂ ಬಿಸಿಲಿಗೆ ಹೊಳೆಯುತ್ತಿದ್ದ ಗಾಜು ಇರಲಿಲ್ಲ. ಅದರ ಜಾಗದಲ್ಲಿ ಸಣ್ಣ ಸಣ್ಣ ತಲೆಗಳು ಸಾಲಾಗಿ ಕಂಡವು. ದಂಡೆಯ ಹೆಂಗಸರಲ್ಲಿ ಒಬ್ಬಳು ಎದ್ದಳು. ಇಷ್ಟು ಎತ್ತರದಿಂದ ಮುಖ ಗುರುತು ಸಿಗುವುದಿಲ್ಲ, ಆದರೆ ಸುಲಿದ ಕೈಗೆ ಬಟ್ಟೆ ಸುತ್ತಿಕೊಂಡವಳು ಹುಟ್ಟು ಎತ್ತುವ ರೀತಿ ವಾರಿಜಳಿಗೆ ಗೊತ್ತಿತ್ತು. ಹುಟ್ಟಿನ ತುದಿಯಲ್ಲಿ ಕೆಂಪು ಬಟ್ಟೆ ಬಿಚ್ಚಿಕೊಂಡಿತು. ಅಪಾಯವೇನೂ ಇರಲಿಲ್ಲ. ಅವಳು ಬೀಸುತ್ತಲೇ ಇದ್ದಳು.

ಬಯಲಿನ ಪಟ್ಟಣದಿಂದ ನಾಳೆ ಇನ್ನೊಂದು ಹಿಡಿಕೆ ಬರುತ್ತದೆ. ಹಕ್ಕಿಯ ಪಾಠ ಮಾಡಲು ಇನ್ನೊಬ್ಬರು ಬರುತ್ತಾರೆ. ಗಲಗಲಿ ಹಿಂದಿನಿಂದ ಅದನ್ನೇ ಹೇಳುತ್ತಿದ್ದರು, ಕೆಲಸ ಹೋಯಿತೆಂದು ತಿಳಿದುಕೋ ಎನ್ನುತ್ತಿದ್ದರು, ಈ ಕ್ಷಣ ಅಲ್ಲಿಂದ ಸರಿ ಎನ್ನುತ್ತಿದ್ದರು.

ನೀರಿನ ಮೇಲೆ ಇನ್ನೂ ನಾಲ್ಕು ದೋಣಿಗಳಿದ್ದವು. ಅವು ದಂಡೆಗೆ ಬರುವ ತನಕ ವಾರಿಜ ಅಲ್ಲಿಂದ ಕದಲಲಿಲ್ಲ.